ಬಾಟಲಿಯಿಲ್ಲದ ವೈನ್ ಪಾಠ

ನನ್ನ ಗಂಡ ಒಂದು ತೊಟ್ಟೂ ಕುಡಿಯದೆ ಎರಡು ವರ್ಷ ವೈನಿನ ವಿದ್ಯೆ ಕಲಿತರು. ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬದಿದ್ದರೆ ಬಿಡಲಿ. ಕುವೈತಿನಲ್ಲಿ ಮನೆಯೊಳಗೆ ಬಾಟಲಿ ಸಿಕ್ಕಿದರೆ ಜೈಲು, ಅಲ್ಲಿಂದ ನೇರ ವಿಮಾನ. ಅಂಥ ದೇಶದಲ್ಲಿ ಕುಳಿತು, ಸ್ವಿಟ್ಜರ್‌ಲ್ಯಾಂಡಿನ ಯಾವ ಬೆಟ್ಟದ ಯಾವ ಮಗ್ಗುಲಲ್ಲಿ ಯಾವ ದ್ರಾಕ್ಷಿ ಬೆಳೆಯುತ್ತದೆ, ಅದರ ವೈನನ್ನು ಯಾವ ಊಟದ ಜೊತೆ ಕೊಡಬೇಕು ಎಂದು ಬಾಯಿಪಾಠ ಮಾಡಿದ ಮಹಾನುಭಾವರು ಅವರು. ಹೆಸರು ರೋಹಿದಾಸ. ನಾನು ಅವರನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ, ಇಲ್ಲಿಯೂ 'ಇವರು' ಎಂದೇ ಬರೆಯುತ್ತೇನೆ.

ಕಲಿಸಿದವರು ಬರ್ನಾರ್ಡ್ ಸರ್. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಎಂಜಿನಿಯರ್, ಒಂಟಿ ಮನುಷ್ಯ. ಜಾಬ್ರಿಯಾ ಬಡಾವಣೆಯ ಒಂದು ವಿಲ್ಲಾದಲ್ಲಿ ಮೇಲಿನ ಮಹಡಿ ಅವರ ಬಾಡಿಗೆಗೆ, ಕೆಳಗೆ ಕುವೈತಿ ಮಾಲೀಕರು. ಇವರು ಸರ್ ಮನೆಯ ಬೇರರ್, ನಾನು ಅಡುಗೆಯವಳು. ಕಾಂಪೌಂಡಿನ ಮೂಲೆಯ ಕೋಣೆಯಲ್ಲಿ ನಾವಿಬ್ಬರು, ಜೊತೆಗೆ ಆರು ವರ್ಷದ ಮಗಳು ಅಶ್ಮಿತಾ.

ಸರ್ ಊರು ಆಲ್ಪ್ಸ್ ಬೆಟ್ಟಗಳ ನಡುವಿನ ವಾಲೆ ಎಂಬ ಕಣಿವೆ. ಅವರ ಅಜ್ಜ, ಅಪ್ಪ ದ್ರಾಕ್ಷಿ ಬೆಳೆದವರು. ಅಕ್ಕ ಅಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದರು. "ರೋಹಿ, ತೊಂಬತ್ತೊಂದಕ್ಕೆ ನನ್ನ ಕಾಂಟ್ರಾಕ್ಟ್ ಮುಗಿಯುತ್ತದೆ. ನನ್ನ ಅಕ್ಕನಿಗೆ ವೈನ್ ಬಗ್ಗೆ ಮಾತಾಡಬಲ್ಲ ಒಬ್ಬ ಬೇರರ್ ಬೇಕು. ಅವಳ ಪ್ರಶ್ನೆಗಳಿಗೆ ನೀನು ಉತ್ತರ ಹೇಳಿದರೆ ನಿಮ್ಮ ಮೂವರ ಕಾಗದಪತ್ರ ಅವಳೇ ಮಾಡಿಸುತ್ತಾಳೆ" ಎಂದಿದ್ದರು. ಅಷ್ಟೇ ಸಾಕಾಯಿತು. ಅಲ್ಲಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ನನ್ನ ಅಡುಗೆಮನೆ ಶಾಲೆಯಾಯಿತು.

ಬಾಟಲಿ ಇಲ್ಲದೆ ವೈನ್ ಕಲಿಸುವುದು ಹೇಗೆ? ಸರ್ ದೊಡ್ಡ ತಟ್ಟೆಯಲ್ಲಿ ನನ್ನ ಚಪಾತಿ ಹಿಟ್ಟು ಸುರಿದು ಬೆರಳಿನಿಂದ ಕಣಿವೆ ಬಿಡಿಸುತ್ತಿದ್ದರು. ನಡುವೆ ರೋನ್ ನದಿ, ಈ ಕಡೆ ಬಿಸಿಲು ಬೀಳುವ ಇಳಿಜಾರು, ಆ ಕಡೆ ನೆರಳು. ಬಿಸಿಲಿನ ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಬಳ್ಳಿ. ಮಳೆ ಕಡಿಮೆ, ಆದ್ದರಿಂದ ಹಿಮ ಕರಗಿದ ನೀರನ್ನು ಸಣ್ಣ ಕಾಲುವೆಗಳಲ್ಲಿ ಬೆಟ್ಟದ ಅಂಚಿನುದ್ದಕ್ಕೂ ತರುತ್ತಾರಂತೆ. ಫಾಂದಾಂ ಎಂಬ ಬಿಳಿ ವೈನಿನ ವಾಸನೆಗೆ ಎರಡು ಬೆಣಚುಕಲ್ಲು ತಿಕ್ಕಿ ಇವರ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಕೊರ್ನಾಲೆಂ ಎಂಬ ಕೆಂಪಿಗೆ ಚೆರಿ ಜಾಮಿನ ಮೇಲೆ ಕರಿಮೆಣಸಿನ ಪುಡಿ. ಆರ್ವೀನ್ ಎಂಬ ಇನ್ನೊಂದು ಬಿಳಿ ಇವರಿಗೆ ಅಚ್ಚುಮೆಚ್ಚು. ಅದಕ್ಕೆ ಚಕ್ಕೋತ ಹಣ್ಣಿನ ಒಂದು ತೊಳೆ ಅಗಿದು ನುಂಗಿ, ಆಮೇಲೆ ನಾಲಗೆ ತುದಿಗೆ ಎರಡು ಹರಳು ಉಪ್ಪು. "ಬೆಟ್ಟದ ಮಧ್ಯೆ ಸಮುದ್ರವೇ ಇಲ್ಲ, ಆದರೂ ಕೊನೆಯಲ್ಲಿ ಉಪ್ಪು ಬರುತ್ತದೆ. ಯಾಕೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ" ಎನ್ನುತ್ತಿದ್ದರು ಸರ್. ಇವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಗ್ಲಾಸಿನಲ್ಲಿ ಇದ್ದದ್ದು ಬರೀ ನೀರು.

ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಾನು ಕಳ್ಳಿಳಿಸುವವರ ಮಗಳು. ಒಂದೇ ಗದ್ದೆಯ ಬದುವಿನ ಎರಡು ಮರಗಳ ಕಳ್ಳನ್ನು ಕುಡಿಯದೆ, ಮಡಕೆಯ ನೊರೆ ನೋಡಿಯೇ ಬೇರೆ ಬೇರೆ ಎಂದು ಹೇಳಬಲ್ಲೆ. "ನೀರಿಗಿಳಿಯದೆ ಈಜು ಕಲಿತ ಹಾಗಾಯ್ತು ನಿಮ್ಮದು" ಎಂದು ಇವರಿಗೆ ಹೇಳಿದೆ.

"ಒಂದು ದಿನ ಇಳಿಯುವ ಮಾರಾಯ್ತಿ. ಆಗ ನೀನೇ ದಡದಲ್ಲಿ ನಿಂತು ನೋಡು" ಎಂದರು.

ಒಮ್ಮೆ ಸರ್ ಕೇಳಿದರು: "ಮೋಹಿನಿ, ನಿನ್ನ ಗಂಡ ಒಳ್ಳೆಯ ವಿದ್ಯಾರ್ಥಿ ಅಲ್ಲವೇ?" ಇವರು ಕೈಯಲ್ಲಿ ಗ್ಲಾಸ್ ಒರೆಸುತ್ತಾ ನನ್ನನ್ನೇ ನೋಡುತ್ತಿದ್ದರು. ನಮ್ಮಲ್ಲಿ ಗಂಡನನ್ನಾಗಲಿ ಮಕ್ಕಳನ್ನಾಗಲಿ ಎದುರಿನಲ್ಲಿ ಹೊಗಳುವ ಕ್ರಮವಿಲ್ಲ, ದೃಷ್ಟಿಯಾಗುತ್ತದೆ. ನನ್ನ ಅಜ್ಜಿ ಅತ್ಯಂತ ಪ್ರೀತಿಯ ಮೊಮ್ಮಗನನ್ನೇ 'ಕಾಗೆಮರಿ' ಎಂದು ಕರೆಯುತ್ತಿದ್ದವರು. ನಾನು ಹೇಳಿದೆ, "ಎಂತ ವಿದ್ಯಾರ್ಥಿ ಸರ್, ಹಾಲು ತರ್ಲಿಕ್ಕೆ ಕಳಿಸಿದ್ರೆ ಮೊಸರು ಹಿಡ್ಕೊಂಡು ಬರ್ತಾರೆ." ಸರ್ ನಕ್ಕರು. ಇವರೂ ನಕ್ಕರು, ಗ್ಲಾಸನ್ನು ಮಾತ್ರ ಇನ್ನೊಮ್ಮೆ ಒರೆಸಿದರು. ನನ್ನ ನಾಲಗೆ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ.

ತೊಂಬತ್ತರ ಆಗಸ್ಟ್ ಎರಡರ ಬೆಳಿಗ್ಗೆ ಹಾಲಿನ ಅಂಗಡಿ ತೆರೆಯಲಿಲ್ಲ. ಇರಾಕಿನ ಸೈನ್ಯ ಒಳಗೆ ಬಂದಿತ್ತು. ಎರಡು ವಾರ ಕಳೆದ ಮೇಲೆ ಯುರೋಪು, ಅಮೆರಿಕದವರೆಲ್ಲ ಹೋಟೆಲುಗಳಲ್ಲಿ ಬಂದು ಸೇರಬೇಕು ಎಂದು ಅಪ್ಪಣೆಯಾಯಿತು. ಹೋದವರನ್ನು ಇರಾಕಿಗೆ ಒಯ್ದು ಕಾರ್ಖಾನೆ, ಅಣೆಕಟ್ಟುಗಳ ಬಳಿ ಕೂಡಿಹಾಕುತ್ತಿದ್ದಾರೆ ಎಂದು ಸುದ್ದಿ. ಅಡಗಿಸಿಟ್ಟವರಿಗೆ ಗಲ್ಲು ಎಂದೂ ಸಾರಿದರು. ಸರ್ ಹೋಟೆಲಿಗೆ ಹೋಗಲಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಹಳೆ ಕಾರ್ಪೆಟ್ಟು, ಮುರಿದ ಕುರ್ಚಿ ತುಂಬಿಸಿಟ್ಟ ಒಂದು ಕೋಣೆಯಿತ್ತು. ಇವರು ಸರ್ ಅವರನ್ನು ಅದರೊಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿದರು. ಕೇಳಿದವರಿಗೆಲ್ಲ ಸಾಹೇಬರು ಜುಲೈಯಲ್ಲೇ ರಜೆಗೆ ಹೋದರು ಎಂದೆವು. ಕೆಳಗಿನ ಮಾಲೀಕರು ನಿಜವಾಗಿಯೂ ರಜೆಗೆ ಹೋಗಿದ್ದರು, ಆದ್ದರಿಂದ ನಮ್ಮ ಸುಳ್ಳೂ ನಡೆಯಿತು. ನಾನು ಒಗೆದ ಬಟ್ಟೆಯ ಬಕೆಟಿನ ಅಡಿಯಲ್ಲಿ ಊಟವಿಟ್ಟು ಮೇಲೆ ಒಯ್ಯುತ್ತಿದ್ದೆ.

ಸೆಪ್ಟೆಂಬರ್ ಮೊದಲ ವಾರ ಕೆಳಗಿನ ಮನೆಗೆ ಒಬ್ಬ ಇರಾಕಿ ಕ್ಯಾಪ್ಟನ್ ಬಂದು ಕೂತ, ಜೊತೆಗೆ ನಾಲ್ವರು ಸೈನಿಕರು. ಒಂದು ಕಾಲಕ್ಕೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದನಂತೆ, ಇಂಗ್ಲಿಷ್ ಚೆನ್ನಾಗಿತ್ತು. ಮಗಳಿಗೆ ಬಿಸ್ಕಿಟ್ ಕೊಟ್ಟ. ಅವನ ಅಡುಗೆ, ಕಸಮುಸುರೆಯೂ ನನ್ನ ಪಾಲಿಗೆ ಬಂತು. ಅವನ ತಲೆಯ ಮೇಲೆ ಎರಡು ಛಾವಣಿ ದಾಟಿದರೆ ಬರ್ನಾರ್ಡ್ ಸರ್.

ನಮ್ಮ ದೇಶದವರನ್ನೆಲ್ಲ ಬಸ್ಸಿನಲ್ಲಿ ಬಸ್ರಾ, ಬಗ್ದಾದಿನ ಮೇಲೆ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ವಿಮಾನದಲ್ಲಿ ಬೊಂಬಾಯಿಗೆ ಕಳಿಸುತ್ತಿದ್ದರು. ಅಬ್ಬಾಸಿಯಾದಲ್ಲಿ ಅಂಗಡಿ ಇಟ್ಟಿದ್ದ ನಮ್ಮ ಉಳ್ಳಾಲದ ಪುತ್ತಬ್ಬ ಬಸ್ಸಿನ ಪಟ್ಟಿ ಮಾಡುತ್ತಿದ್ದ. ಒಂದು ಭಾನುವಾರ ಅವನೇ ಬಂದು ಹೇಳಿದ: "ಮೋಹಿನಕ್ಕ, ಗುರುವಾರ ಬೆಳಿಗ್ಗೆ ಬಸ್ಸುಂಟು. ಮೂರು ಸೀಟು ಹಿಡ್ದಿದ್ದೇನೆ. ಇದು ಬಿಟ್ರೆ ಇನ್ನು ಯಾವಾಗಂತ ನನಗೂ ಗೊತ್ತಿಲ್ಲ. ಒಂದೇ ಬ್ಯಾಗು ಆಯ್ತಾ."

ಇವರು ಆಗುವುದಿಲ್ಲ ಎಂದರು. "ನೀನು ಮಗುವನ್ನು ಕರ್ಕೊಂಡು ಹೋಗು. ನಾನು ಸರ್‌ನ ಬಿಟ್ಟು ಬರುವುದು ಹೇಗೆ? ಬೀಗ ತೆಗೆಯುವವರು ಯಾರು?"

"ಅವರಿಗೆ ಅಕ್ಕ ಇದ್ದಾರೆ, ದೇಶ ಇದೆ. ನಮಗೆ ನೀವು ಬಿಟ್ರೆ ಯಾರಿದ್ದಾರೆ?"

"ಅವರು ನನ್ನ ಮೇಷ್ಟ್ರು."

"ಮೇಷ್ಟ್ರಂತೆ ಮೇಷ್ಟ್ರು. ನೀರು ಕುಡಿಸಿ ವೈನ್ ಅಂದವರು." ಹೇಳಿ ಅತ್ತುಬಿಟ್ಟೆ. ನಾನು ಅಳುವವಳಲ್ಲ, ಇವರಿಗೆ ಗಾಬರಿಯಾಯಿತು.

ಆ ದಿನವೇ ನಾನು ಪಕ್ಕದ ಕಟ್ಟಡದ ಸೈಮನ್ನನ್ನು ಹಿಡಿದೆ. ಬಜ್ಪೆಯವನು, ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಕಂಪೌಂಡರ್. ಅವನ ತಾರಸಿಗೂ ನಮ್ಮ ತಾರಸಿಗೂ ನಡುವೆ ಸೊಂಟದೆತ್ತರದ ಗೋಡೆ ಮಾತ್ರ. "ನಮ್ಮ ಕ್ಲಿನಿಕ್ ಮುಚ್ಚುವವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ ಮೋಹಿನಿಬಾಯಿ. ಬೀಗದ ಕೈ ನನಗೆ ಕೊಡಿ, ಊಟ ನಾನು ದಾಟಿಸ್ತೇನೆ" ಎಂದ. ಸರ್ ಕೂಡ ಇವರಿಗೆ ಹೊರಡು ಎಂದೇ ಹೇಳಿದರು. ಸೋಮವಾರ ಸಂಜೆಗೆ ಇವರು ಹೂಂ ಎಂದರು. ನಾನು ಒಂದು ಬ್ಯಾಗಿನಲ್ಲಿ ಮೂವರ ಬಟ್ಟೆ ತುಂಬಿಸಿದೆ. ನನಗೆ ಲೋಕದಲ್ಲಿ ಬೇಕಾಗಿದ್ದದ್ದು ಒಂದೇ: ಗುರುವಾರ ಬೆಳಿಗ್ಗೆ ಇವರು ನನ್ನ ಪಕ್ಕದ ಸೀಟಿನಲ್ಲಿ ಕೂತಿರಬೇಕು.

ಮಂಗಳವಾರ ಹನ್ನೊಂದು ಗಂಟೆಗೆ ಒಂದು ಲಾರಿ ಗೇಟಿನ ಮುಂದೆ ನಿಂತಿತು. ಲೂಟಿಯ ಸಾಮಾನು ಹೇರುವುದಕ್ಕೆ ಬೀದಿಯಲ್ಲಿ ಸಿಕ್ಕ ಗಂಡಸರನ್ನು ಹಿಡಿದು ಹತ್ತಿಸುತ್ತಿದ್ದರು. ಹಾಗೆ ಬಸ್ರಾಕ್ಕೆ ಹೋದವರಲ್ಲಿ ಕೆಲವರು ಹಿಂದೆ ಬಂದಿರಲಿಲ್ಲ. ಇವರು ಕಸದ ಡಬ್ಬಿ ಹೊರಗಿಡಲು ಹೋಗಿದ್ದವರು. ಒಬ್ಬ ಇವರ ಕಾಲರು ಹಿಡಿದ, ಇನ್ನೊಬ್ಬ ಬೆನ್ನಿಗೆ ಬಂದೂಕಿನ ಹಿಡಿಯಿಂದ ತಿವಿದ. ನಾನು ಬರಿಗಾಲಲ್ಲಿ ಓಡಿ ಬಂದೆ. ಕ್ಯಾಪ್ಟನ್ ಮೆಟ್ಟಿಲ ಮೇಲೆ ನಿಂತು ಸಿಗರೇಟು ಸೇದುತ್ತಿದ್ದ. ಅವನ ಹಿಂದೆ ಪಡಸಾಲೆಯಲ್ಲಿ, ಯಾವುದೋ ರಾಯಭಾರಿಯ ಮನೆಯಿಂದ ಹೊತ್ತು ತಂದ ಬಾಟಲಿಯ ಪೆಟ್ಟಿಗೆಗಳು ಎರಡು ದಿನದಿಂದ ಬಿದ್ದಿದ್ದವು. ನೆಲ ಒರೆಸುವಾಗ ಅವುಗಳ ಮೇಲಿನ ಬೆಟ್ಟದ ಚಿತ್ರ ನೋಡಿದ್ದೆ.

ಎಲ್ಲಿಂದ ಬಂತೋ ಬುದ್ಧಿ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: "ಸರ್, ಮೈ ಹಸ್ಬೆಂಡ್ ನೋ ಕೂಲಿ. ವೈನ್ ಮಾಸ್ಟರ್. ಆಲ್ ಕುವೈತ್ ನಂಬರ್ ಒನ್."

ಕ್ಯಾಪ್ಟನ್ ಸಿಗರೇಟು ಬಾಯಿಂದ ತೆಗೆದ. ಇವರು ಕಾಲರು ಹಿಡಿಸಿಕೊಂಡೇ ನನ್ನ ಕಡೆ ತಿರುಗಿ ನೋಡಿದರು. ಆ ಮುಖದಲ್ಲಿ ಹೆದರಿಕೆ ಇರಬೇಕಾಗಿತ್ತು. ಏನಿತ್ತೆಂದು ಆಗ ನನಗೆ ತಿಳಿಯಲಿಲ್ಲ.

ಕ್ಯಾಪ್ಟನ್ ಕೈ ಬೀಸಿದ. ಲಾರಿ ಇವರನ್ನು ಬಿಟ್ಟು ಹೋಯಿತು.

ಮಧ್ಯಾಹ್ನದ ಊಟಕ್ಕೆ ಇವರು ಬಿಳಿ ಅಂಗಿ ಹಾಕಿಕೊಂಡು ಪಡಸಾಲೆಗೆ ಹೋದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಪೆಟ್ಟಿಗೆಯಿಂದ ಒಂದೊಂದೇ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ನಾಲ್ಕನೆಯದರ ಚೀಟಿಯನ್ನು ಎರಡು ಸಲ ಓದಿದರು. ಆರ್ವೀನ್. ಬಾಟಲಿಗೆ ಐಸು ಸುತ್ತಿ ಇಪ್ಪತ್ತು ನಿಮಿಷ ಕಾದರು, ಆ ಕ್ಯಾಪ್ಟನ್ನನ್ನೂ ಕಾಯಿಸಿದರು. ಬಿರಡೆ ತೆಗೆದಾಗ ಸದ್ದೇ ಬರಲಿಲ್ಲ. ಸುರಿದು, ಬಾಟಲಿಯ ಕತ್ತನ್ನು ತಿರುಗಿಸಿ, ಹನಿ ಬೀಳದ ಹಾಗೆ ಎತ್ತಿದರು. ಎರಡು ವರ್ಷ ನೀರಿನಲ್ಲಿ ಅಭ್ಯಾಸ ಮಾಡಿದ ಕೈ.

"ಮೊದಲು ನೀನು ಕುಡಿ" ಎಂದ ಕ್ಯಾಪ್ಟನ್. ವಿಷವಿದ್ದರೆ ಎಂಬ ಅನುಮಾನವಿರಬೇಕು.

ಇವರು ಗ್ಲಾಸನ್ನು ಮೂಗಿಗೆ ಹಿಡಿದರು, ಒಂದು ಗುಟುಕು ಬಾಯಲ್ಲಿ ತುಂಬಿಸಿಕೊಂಡರು. ನುಂಗಿದರು. ಆಮೇಲೆ ಹೇಳಲು ಶುರು ಮಾಡಿದರು: ಬಿಸಿಲಿನ ಇಳಿಜಾರು, ಕಲ್ಲಿನ ಕಟ್ಟೆ, ಹಿಮದ ನೀರಿನ ಕಾಲುವೆ, ಬೆಟ್ಟದಿಂದ ಇಳಿದು ಹಣ್ಣನ್ನು ಮಾಗಿಸುವ ಬಿಸಿಗಾಳಿ. "ಈಗ ಕುಡಿಯಿರಿ ಸರ್, ಕೊನೆಯಲ್ಲಿ ಉಪ್ಪು ಬರುತ್ತದೆ, ಕಾಯಿರಿ" ಎಂದರು. ಕ್ಯಾಪ್ಟನ್ ಕುಡಿದು ಕಾದ. ಬಂದಿರಬೇಕು, ತಲೆ ಅಲ್ಲಾಡಿಸಿದ. ಎಲ್ಲಿ ಕಲಿತೆ ಎಂದು ಕೇಳಿದ. ಬೊಂಬಾಯಿಯ ಹೋಟೆಲಿನಲ್ಲಿ ಎಂದರು ಇವರು, ತಡವರಿಸದೆ.

ಎದ್ದು ಹೋಗುವಾಗ ಕ್ಯಾಪ್ಟನ್ ಒಂದು ಚೀಟಿ ಬರೆದುಕೊಟ್ಟ: ಈ ಮನುಷ್ಯನನ್ನು ಯಾರೂ ಕೆಲಸಕ್ಕೆ ಹಿಡಿಯಬಾರದು. ನಾನು ಅದನ್ನು ಬ್ಯಾಗಿನಲ್ಲಿ ಬಟ್ಟೆಗಳ ಕೆಳಗಿಟ್ಟೆ. ಗುರುವಾರ ದಾರಿಯಲ್ಲಿ ಯಾರು ತಡೆದರೂ ಈ ಚೀಟಿ ಸಾಕು. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುವುದು ಆಗ ನೆನಪಾಗಲಿಲ್ಲ.

ನಾಲ್ಕು ಗಂಟೆಯ ಹೊತ್ತು. ಕ್ಯಾಪ್ಟನ್ ಮಲಗಿದ್ದ. ಇವರು ಅಡುಗೆಮನೆಗೆ ಬಂದು ಒಂದು ಕಾಫಿ ಕಪ್ಪಿಗೆ ಉಳಿದ ಆರ್ವೀನ್ ಸುರಿದು, ಅದನ್ನು ಖಾಲಿ ಬಕೆಟಿನೊಳಗೆ ಇಟ್ಟರು.

"ಎಲ್ಲಿಗೆ?" ಎಂದೆ.

"ಬಟ್ಟೆ ಒಣಗಿತಾ ನೋಡಿ ಬರ್ತೇನೆ."

"ನನಗೆ ಕಣ್ಣಿಲ್ಲ ಅಂದ್ಕೊಂಡಿದ್ದೀರಾ?"

ಇವರು ನಕ್ಕರು. ಮುಖ ಕೆಂಪಾಗಿತ್ತು, ಒಂದು ಗುಟುಕು ವೈನಿಗೆ ಅಷ್ಟು ಕೆಂಪಾಗುವುದಿಲ್ಲ. "ಐದು ನಿಮಿಷ ಮೋಹಿನಿ" ಎಂದರು. ಬೇಡ ಎನ್ನಬಹುದಿತ್ತು. ನನ್ನ ಬಾಯಿ ಯಾವ ಹೊತ್ತಿಗೂ ಸುಮ್ಮನಿದ್ದದ್ದಲ್ಲ, ಅವತ್ತು ಸುಮ್ಮನಾಯಿತು. ಬೆಳಿಗ್ಗೆಯ ಗೆಲುವಿನಿಂದ ನನ್ನ ಮನಸ್ಸು ಮೆತ್ತಗಾಗಿತ್ತು. ಎರಡು ವರ್ಷ ಕಲಿಸಿದವರಿಗೆ ಒಂದು ಗುಟುಕು ಕೊಡಲಿ ಎಂದು ಬಿಟ್ಟುಬಿಟ್ಟೆ.

ನಾನು ಅಂಗಳದ ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದೆ. ಒಬ್ಬ ಸೈನಿಕ ಗೋಡೆಯ ನೆರಳಿನಲ್ಲಿ ಕೂತು ಬೂಟು ಬಿಚ್ಚಿ ಕಾಲು ಒರೆಸಿಕೊಳ್ಳುತ್ತಿದ್ದ. ಆಗ ಮೇಲಿನಿಂದ ನಗು ಕೇಳಿಸಿತು. ಇವರ ನಗು, ಜೊತೆಗೆ ಇನ್ನೊಂದು ದಪ್ಪ ನಗು. ಒಂದು ತಿಂಗಳಿಗೂ ಹೆಚ್ಚು ಕಾಲ ಪಿಸುಮಾತಿನಲ್ಲೇ ಬದುಕಿದ್ದ ಇಬ್ಬರು ಗಂಡಸರು ಗಂಟಲು ಬಿಟ್ಟು ನಗುತ್ತಿದ್ದರು. ನಾನು ತೊಳೆದ ಪಾತ್ರೆಗಳನ್ನೆಲ್ಲ ಕೈಯಿಂದ ಕೆಡವಿದೆ. ಗಡಗಡ ಸದ್ದಾಯಿತು. ಸದ್ದು ನಿಂತ ಮೇಲೂ ನಗು ಇತ್ತು. ಸೈನಿಕ ಮೇಲೆ ನೋಡಿದ. "ರೇಡಿಯೋ" ಎಂದೆ, "ರೇಡಿಯೋ, ರೇಡಿಯೋ." ಅವನು ಬೂಟು ಹಾಕಿಕೊಳ್ಳದೆ ಬಂದೂಕು ಎತ್ತಿಕೊಂಡು ಮೆಟ್ಟಿಲು ಹತ್ತಿದ.

ಇಬ್ಬರನ್ನೂ ಕೈ ಹಿಂದಕ್ಕೆ ಕಟ್ಟಿ ಇಳಿಸಿದರು. ನಾನು ಕ್ಯಾಪ್ಟನ್ ಕಾಲಿಗೆ ಬಿದ್ದೆ. ಅವನು ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡುತ್ತಾ ಹೇಳಿದ: "ನಿನಗೆ ಏನೂ ಗೊತ್ತಿರಲಿಲ್ಲ. ಮಗುವನ್ನು ಕರೆದುಕೊಂಡು ಹೊರಡು." ಜೀಪು ಹೊರಡುವಾಗ ಇವರು ಏನೋ ಹೇಳಿದರು. ಎಂಜಿನ್ ಶಬ್ದದಲ್ಲಿ ಕೇಳಿಸಲಿಲ್ಲ.

ಗುರುವಾರ ಪುತ್ತಬ್ಬ ಮಗಳನ್ನು ಎತ್ತಿ ಬಸ್ಸಿಗೆ ಹತ್ತಿಸಿದ. "ವೇರ್ ಈಸ್ ಪಪ್ಪಾ?" ಎಂದಳು ಅವಳು. "ಹಿಂದಿನ ಬಸ್ಸಲ್ಲಿ ಬರ್ತಾರೆ" ಎಂದೆ. ಮೂರನೆಯ ಸೀಟಿನಲ್ಲಿ ಯಾರೋ ಬೇರೆ ಮುದುಕರು ಕೂತರು. ಅಮ್ಮಾನಿನವರೆಗೆ ಅವಳು ಪ್ರತಿ ನಿಲ್ದಾಣದಲ್ಲೂ ತಿರುಗಿ ಹಿಂದಿನ ಬಸ್ಸನ್ನು ಹುಡುಕುತ್ತಿದ್ದಳು.

ಊರಿನಲ್ಲಿ ಒಂದು ವರ್ಷ ಕಾದೆ. ಕಾಗದವಿಲ್ಲ, ಸುದ್ದಿಯಿಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು, ಮಗಳನ್ನು ತಾಯಿಯ ಬಳಿ ಬಿಟ್ಟು ತೊಂಬತ್ತೊಂದರ ಅಕ್ಟೋಬರಿನಲ್ಲಿ ಕುವೈತಿಗೆ ವಾಪಸು ಬಂದೆ. ಸೈಮನ್ ಹೇಳಿ ಅವನ ಕ್ಲಿನಿಕ್ಕಿನಲ್ಲೇ ಆಯಾ ಕೆಲಸ ಕೊಡಿಸಿದ. ಆಗ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು, ಒಗೆದ ಬಟ್ಟೆ ಸಂಜೆಗೆ ಮಸಿಯಾಗುತ್ತಿತ್ತು. ಬಿಡುವಿದ್ದಾಗಲೆಲ್ಲ ಕಾಣೆಯಾದವರ ಪಟ್ಟಿಗಳಲ್ಲಿ ಇವರ ಹೆಸರು ಹುಡುಕಿದೆ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಸೈಮನ್ ಬಂದು, "ನಿಮ್ಮ ಸರ್ ಬಂದಿದ್ದಾರೆ. ಕೆಳಗೆ ಕೂತಿದ್ದಾರೆ" ಎಂದ.

ಬರ್ನಾರ್ಡ್ ಸರ್ ಹತ್ತು ವರ್ಷ ಮುದುಕರಾಗಿದ್ದರು. ಇರಾಕಿನ ಯಾವುದೋ ಕಾರ್ಖಾನೆಯಲ್ಲಿ ಇಟ್ಟು, ಡಿಸೆಂಬರಿನಲ್ಲಿ ಉಳಿದವರ ಜೊತೆ ಬಿಟ್ಟರಂತೆ. ಇವರನ್ನು ಬಸ್ರಾದಲ್ಲೇ ಬೇರೆ ಮಾಡಿದರು. ಸರ್ ಆಮೇಲೆ ರೆಡ್ ಕ್ರಾಸಿನವರಿಗೆ ಬರೆದರು, ಎರಡು ದೇಶದ ಕಚೇರಿಗಳಿಗೆ ಬರೆದರು. ಕಳೆದ ತಿಂಗಳು ಉತ್ತರ ಬಂದಿತ್ತು. ಆ ಸೆಪ್ಟೆಂಬರಿನಲ್ಲೇ, ಬಸ್ರಾದಲ್ಲಿ. ಸಮಾಧಿ ಎಲ್ಲಿ ಎಂದು ಗೊತ್ತಿಲ್ಲ. ನಾನು ಕುವೈತಿನಲ್ಲಿರುವುದನ್ನು ಊರಿನಿಂದ ತಿಳಿದು, ಅದನ್ನು ನನಗೆ ಎದುರಿನಲ್ಲೇ ಹೇಳಬೇಕೆಂದು ಬಂದಿದ್ದರು.

ನಾನು ಅಳಲಿಲ್ಲ. ಕೂದಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಚಿ, ಮತ್ತೆ ಬಿಚ್ಚಿ ಮಡಚಿದೆ.

"ತಪ್ಪು ನನ್ನದು" ಎಂದರು ಸರ್. "ಆ ಹಾಳು ವಿದ್ಯೆ ಕಲಿಸಿದವನು ನಾನು."

"ಅಲ್ಲ ಸರ್. ಅವರಿಗೆ ವೈನ್ ಗೊತ್ತುಂಟು ಅಂತ ಕ್ಯಾಪ್ಟನಿಗೆ ಹೇಳಿದ್ದು ನಾನು. ಹೇಳದಿದ್ರೆ ಬಾಟಲಿ ತೆರೀತಿರಲಿಲ್ಲ. ತೆರೆಯದಿದ್ರೆ ನಿಮಗೆ ರುಚಿ ತೋರಿಸ್ಲಿಕ್ಕೆ ಮೇಲೆ ಬರ್ತಿರಲಿಲ್ಲ." ಒಂದು ವರ್ಷದಿಂದ ಯಾರಿಗೂ ಹೇಳದಿದ್ದ ಮಾತು. ತಾಯಿಗೂ ಹೇಳಿರಲಿಲ್ಲ.

ಸರ್ ನನ್ನನ್ನು ನೋಡುತ್ತಾ ಕೂತರು.

"ಅಷ್ಟು ಜೋರಾಗಿ ಯಾಕೆ ನಕ್ಕಿರಿ?" ಎಂದು ಕೇಳಿದೆ. "ವೈನ್ ಅಷ್ಟು ಚೆನ್ನಾಗಿತ್ತಾ?"

"ನಾನು ಅದನ್ನು ಕುಡಿಯಲೇ ಇಲ್ಲ ಮೋಹಿನಿ. ತುಂಬಿದ ಕಪ್ ಹಾಗೇ ನೆಲದ ಮೇಲಿತ್ತು. ಅವನು ಅದರ ಬಗ್ಗೆ ಮಾತೇ ಎತ್ತಲಿಲ್ಲ."

"ಮತ್ತೆ ಯಾಕೆ ಬಂದಿದ್ದರು?"

ಸರ್ ತಲೆ ತಗ್ಗಿಸಿದರು. "ಬೆಳಿಗ್ಗೆ ನೀನು ಕ್ಯಾಪ್ಟನ್ ಎದುರು ಹೇಳಿದ್ದನ್ನು ನನಗೆ ಹೇಳಲು ಬಂದಿದ್ದ. ಆಲ್ ಕುವೈತ್ ನಂಬರ್ ಒನ್. ನಿನ್ನ ಧ್ವನಿಯಲ್ಲೇ, ನಿನ್ನ ಹಾಗೆ ಸೊಂಟಕ್ಕೆ ಕೈಯಿಟ್ಟು ಹೇಳಿ ತೋರಿಸಿದ. ನಾನು ನಂಬಲಿಲ್ಲ, ಮೋಹಿನಿ ಹಾಗೆ ಹೇಳುವವಳೇ ಅಲ್ಲ ಎಂದೆ. ಮಗಳ ಮೇಲೆ ಆಣೆ ಹಾಕಿ ಇನ್ನೊಮ್ಮೆ ಹೇಳಿದ. ಮೂರನೆಯ ಸಲ ಹೇಳುವಾಗ ನಮಗೆ ನಗು ತಡೆಯಲಾಗಲಿಲ್ಲ."

ಹೊರಗೆ ಯಾರೋ ಆಯಾ ಎಂದು ಕರೆಯುತ್ತಿದ್ದರು. ನಾನು ಏಳಲಿಲ್ಲ. ಎಂಟು ವರ್ಷದ ಸಂಸಾರದಲ್ಲಿ ನಾನು ಇವರನ್ನು ಹೊಗಳಿದ್ದು ಅದೊಂದೇ ಸಲ. ತಿಂಗಳಿಗೊಮ್ಮೆಯಾದರೂ ಒಂದು ಒಳ್ಳೆಯ ಮಾತು ಆಡಿದ್ದರೆ, ಅವತ್ತು ಅದನ್ನು ಹೇಳಿಕೊಳ್ಳಲು ಇವರು ಆ ಮೆಟ್ಟಿಲು ಹತ್ತುತ್ತಿರಲಿಲ್ಲ.